ಉಪ್ಪುನೀರಿನ ಮೀನಿನ ಟ್ಯಾಂಕಿನಾಗ ಐಪ್ಟೇಸಿಯಾ (ಕಳೆ ಹಂಗ ಹಬ್ಬೋ ಸಣ್ಣ ಕಡಲ ಅನಿಮೋನ್) 30 ದಾಟ್ಯಾವು, ಕಿತ್ತಷ್ಟೂ ಹೆಚ್ಚಾಗಾಕತ್ತಾವು. ಏನ್ ಮಾಡೋದು?

ನವನಗರ_ಉಪ್ಪುನೀರು, ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ್ರಿ. ಮೊದಲ ಟ್ಯಾಂಕಿನ ವಿವರ. 3 ಫೂಟ್ ಉದ್ದ, ಒಂದೂವರಿ ಅಗಲ, ಒಂದೂವರಿ ಎತ್ತರ. ಕೆಳಗಿನ ಸಂಪ್ (ನೀರು ಸೋಸೋ ತೊಟ್ಟಿ) ಹಿಡಿದು, ಕಲ್ಲಿನ ಜಾಗ ಕಳೆದು ನೀರು ಸುಮಾರು 200 ಲೀಟರ್. ಸಾಂದ್ರತೆ 1.025, ಉಷ್ಣತೆ 26ರಿಂದ 27, ಆಲ್ಕಲಿನಿಟಿ (ನೀರಿನ ಕ್ಷಾರದ ಅಳತಿ) 8 ಡಿಕೆಎಚ್, ನೈಟ್ರೇಟ್ 25 ಪಿಪಿಎಂ, ಫಾಸ್ಫೇಟ್ 0.2 ಪಿಪಿಎಂ. ಮೀನು: ಎರಡು ಕ್ಲೌನ್, ಒಂದು ಸಿಕ್ಸ್‌ಲೈನ್ ರಾಸ್, ಒಂದು ಗೋಬಿ. ಕಲ್ಲಿನ ಮ್ಯಾಲೆ ಜೊವಾಂಥಿಡ್ ಮತ್ತ ಮಶ್ರೂಮ್ (ಎರಡೂ ಹವಳದಂಥಾ ಮೆತ್ತನ ಪ್ರಾಣಿ) ಅದಾವು.

ಕಂದು ಬಣ್ಣದ, ಅರ್ಧ ಪಾರದರ್ಶಕ, ಉದ್ದ ಕಾಂಡದ ಸಣ್ಣ ಅನಿಮೋನ್ ಎಲ್ಲಾ ಕಡೆ ಎದ್ದಾವು. ದೊಡ್ಡವು ಒಂದೂವರಿ ಇಂಚು ಅಗಲ. ಹಲ್ಲುಜ್ಜೋ ಬ್ರಶ್ಶಿನಿಂದ ತಿಕ್ಕಿದ ಮ್ಯಾಲೆ 8 ಇದ್ದದ್ದು 30 ಆಗ್ಯಾವು. ಕೇಳೋದು ಇಷ್ಟ:
ಇವು ಐಪ್ಟೇಸಿಯಾನೇ ಅಂತ ಖಾತ್ರಿ ಮಾಡ್ಕೊಳ್ಳೋದು ಹೆಂಗ? ಎಲಿ ಅಡಕಿ ಸುಣ್ಣ ಹಚ್ಚಿದ್ರ ನಡೀತೈತೇನು? ಕಲ್ಲು ತಗದು ಕುದಿಸಿದ್ರ ಒಮ್ಮಿಗೇ ಮುಗೀತೈತೇನು? ಇವನ್ನ ತಿನ್ನೋ ಪ್ರಾಣಿ ಯಾವುದು ತರಬೇಕು?

---

ಸಾಧನಕೇರಿ_ರೀಫ್, ಧಾರವಾಡ

ಮೊದಲ ಬ್ರಶ್ಶು ಬದಿಗೆ ಇಡ್ರಿ. ಉಳಿದದ್ದೆಲ್ಲಾ ಆಮ್ಯಾಲೆ.

ಐಪ್ಟೇಸಿಯಾದ ಬುಡದಾಗ ಒಂದು ಪಾದ ಇರ್ತದ, ಅದರಿಂದ ಕಲ್ಲು ಹಿಡಕೊಂಡಿರ್ತದ. ಆ ಪಾದದ ಅಂಚಿನಿಂದ ಹರಿದು ಉಳಿದ ಚೂರು, ಸಾಸಿವಿ ಕಾಳಿನಕಿಂತ ಸಣ್ಣದಿದ್ರೂ, ಕೆಲವು ದಿನದಾಗ ಬಾಯಿ, ಗ್ರಹಣಾಂಗ ಎಲ್ಲಾ ಬೆಳಿಸಿಕೊಂಡು ಪೂರ್ತಿ ಪ್ರಾಣಿ ಆಗ್ತದ. ಏನೂ ಮುಟ್ಟದಿದ್ರೂ ಅದು ಸರಿದು ಹೋಗುವಾಗ ಹಿಂದ ಚೂರು ಬಿಟ್ಟು ಹೋಗ್ತದ, ಅದು ಅದರ ಸಹಜ ಸಂತಾನದ ಪದ್ಧತಿ. ನೀವು ತಿಕ್ಕಿದಾಗ ಆ ಕೆಲಸ ನೂರು ಪಟ್ಟು ಜೋರಾಗಿ ಮಾಡಿಕೊಟ್ಟಂಗ ಆತು. ಪಂಪು ಚಾಲೂ ಇದ್ದಾಗ ತಿಕ್ಕಿದ್ರ ಚೂರು ಸಂಪಿನ ತನಕ ಹೋಗ್ತಾವ. ಇದಕ್ಕ ಒಂದ ನಿಯಮ: ಕೊಂದ್ರ ಪೂರ್ತಿ ಕೊಲ್ಲಬೇಕು, ಇಲ್ಲಂದ್ರ ಮುಟ್ಟಬಾರದು. ಅರ್ಧ ಗಾಯ ಮಾಡಿ ಬಿಡೋದು ಎಲ್ಲಾದಕ್ಕಿಂತ ಕೆಟ್ಟದ್ದು.

ಇನ್ನ ಗುರುತು. ಸಣ್ಣ ಕಡ್ಡಿ ಹತ್ರ ತಗೊಂಡು ಹೋಗ್ರಿ. ಐಪ್ಟೇಸಿಯಾ ಇದ್ರ ಥಟ್ಟನ ಒಳಗ ಎಳಕೊಂಡು ಕಲ್ಲಿನ ತೂತಿನಾಗ ಮಾಯ ಆಗ್ತದ. ಭಾಳ ಕೆಣಕಿದ್ರ ಮೈಯಿಂದ ಬಿಳಿ ಎಳಿ ಹೊರಗ ಬಿಡ್ತದ, ಅವು ಕುಟುಕೋ ಎಳಿ. ಮಜಾನೋ ಅಂತ ಇನ್ನೊಂದು ಜಾತಿ ಅದ: ಕಾಂಡ ಗಿಡ್ಡ, ಗ್ರಹಣಾಂಗ ಮೋಟು, ತುದಿ ಸ್ವಲ್ಪ ಉಬ್ಬಿದ್ದು, ಬಣ್ಣ ಹಸಿರು ಅಥವಾ ಕಂದು, ಹಿಂದ ಸರಿಯೋದು ನಿಧಾನ. ಅದಕ್ಕೂ ಇದ ಉಪಾಯ ನಡೀತದ. ಆದ್ರ ಕೊಳವಿ ಹುಳದ ಗರಿ ನೋಡಿ ಐಪ್ಟೇಸಿಯಾ ಅಂತ ಕೊಲ್ಲಬ್ಯಾಡ್ರಿ. ಅದಕ್ಕ ತೊಗಲಿನಂಥಾ ಅಥವಾ ಸುಣ್ಣದ ಕೊಳವಿ ಇರ್ತದ, ಗರಿ ಬೀಸಣಿಗಿ ಹಂಗ ಇರ್ತದ, ನಡುವ ಬಾಯಿ ತಟ್ಟಿ ಇರೂದಿಲ್ಲ. ಅದು ಪಾಪದ ಪ್ರಾಣಿ, ನೀರು ಸೋಸಿ ತಿಂತದ.

ಹಳೇ ಪುಸ್ತಕದಾಗ ಐಪ್ಟೇಸಿಯಾ ಪಾಲಿಡಾ ಅಂತ ಇದ್ದದ್ದನ್ನ ಈಗ ಎಕ್ಸೈಪ್ಟೇಸಿಯಾ ಅನ್ನೋ ಕುಲಕ್ಕ ಹಾಕ್ಯಾರ. ಹುಡುಕುವಾಗ ಎರಡೂ ಹೆಸರು ಹಾಕ್ರಿ.

---

ವರದಾ_ದಂಡಿ, ಹಾವೇರಿ

ಸುಣ್ಣದ ಪೇಸ್ಟ್ ಬಗ್ಗೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ 30ರ ಮಟ್ಟಿಗೆ ಅದೇ ಮುಖ್ಯ ಅಸ್ತ್ರ.

ಬೇಕಾದದ್ದು: ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿ, 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ, 3 ಅಥವಾ 5 ಎಂಎಲ್ ಸಿರಿಂಜ್, 18 ಗೇಜ್ ಸೂಜಿ (ಬುಡ ಗುಲಾಬಿ ಬಣ್ಣದ್ದು), 30 ಸೆಂಟಿಮೀಟರ್ ಗಟ್ಟಿ ಏರ್‌ಲೈನ್ ಕೊಳವೆ, ಕೈಗವಸು, ಕನ್ನಡಕ. ಇನ್ಸುಲಿನ್ ಸಿರಿಂಜ್ ಬೇಡ. ಅದರ ಸೂಜಿ ತೀರಾ ಸಣ್ಣದು, ಎರಡನೇ ಹನಿಗೇ ಕಟ್ಟಿಕೊಳ್ಳುತ್ತದೆ. ಒತ್ತಡ ಹಾಕಿದರೆ ಸೂಜಿ ಕಿತ್ತು ಬಂದು ಪೇಸ್ಟ್ ಎಲ್ಲವೂ ಹವಳದ ಮೇಲೆ ಬೀಳುತ್ತದೆ. 18 ಗೇಜ್ ಸೂಜಿಯ ಮೊನೆಯನ್ನು ಅರದಿಂದ ಉಜ್ಜಿ ಮೊಂಡ ಮಾಡಿಕೊಳ್ಳಿ. ಚುಚ್ಚುವ ಅಗತ್ಯವೇ ಇಲ್ಲ, ತಿನ್ನಿಸುವುದು ಮಾತ್ರ.

3 ಗ್ರಾಂ ಪುಡಿಗೆ 3ರಿಂದ 4 ಎಂಎಲ್ ಆರ್‌ಓ ನೀರು. ಹದ ಇಡ್ಲಿ ಹಿಟ್ಟಿನಷ್ಟು, ಮಜ್ಜಿಗೆಯಷ್ಟು ತೆಳು ಆಗಬಾರದು. ತೆಳುವಾದರೆ ನೀರಿನಲ್ಲಿ ಹಾಲಿನ ಹಾಗೆ ಹರಡಿ ಹೋಗುತ್ತದೆ, ಬಾಯಿಯ ಮೇಲೆ ನಿಲ್ಲುವುದಿಲ್ಲ. ಗಂಟು ಇದ್ದರೆ ಚಹಾ ಸೋಸುವ ಜರಡಿಯಲ್ಲಿ ಒಮ್ಮೆ ಒತ್ತಿ ತೆಗೆಯಿರಿ. ಕಲಸಿದ ಮೇಲೆ ಅರ್ಧ ಗಂಟೆಯೊಳಗೆ ಬಳಸಿ ಮುಗಿಸಿ.

ಕ್ರಮ ಹೀಗೆ. ಎಲ್ಲ ಪಂಪು, ಪವರ್‌ಹೆಡ್ (ಟ್ಯಾಂಕಿನೊಳಗೆ ನೀರು ಸುತ್ತಿಸುವ ಪಂಪು), ಸ್ಕಿಮ್ಮರ್ (ನೊರೆಯ ಜೊತೆ ಕೊಳೆ ತೆಗೆಯುವ ಯಂತ್ರ) ಬಂದ್ ಮಾಡಿ. ಸ್ವಲ್ಪ ಮೈಸಿಸ್ (ಮೀನಿಗೆ ಹಾಕುವ ಸಣ್ಣ ಸೀಗಡಿಯಂಥ ಆಹಾರ) ರಸ ನೀರಿಗೆ ಬಿಡಿ. 10 ನಿಮಿಷದಲ್ಲಿ ಐಪ್ಟೇಸಿಯಾ ಪೂರ್ತಿ ಅರಳುತ್ತದೆ, ಬಾಯಿ ತೆರೆಯುತ್ತದೆ. ಮೇಲಿನಿಂದ, ನೆರಳು ಬೀಳದ ಹಾಗೆ, ನಿಧಾನವಾಗಿ ಸೂಜಿ ಇಳಿಸಿ. ಬಾಯಿಯ ತಟ್ಟೆಯಿಂದ ಅರ್ಧ ಸೆಂಟಿಮೀಟರ್ ಮೇಲೆ ನಿಂತು 0.1ರಿಂದ 0.3 ಎಂಎಲ್ ಬಿಡಿ. ಅದು ಆಹಾರವೆಂದು ತಿಳಿದು ಮಡಚಿಕೊಂಡು ನುಂಗುತ್ತದೆ. ಪೂರ್ತಿ ಒಳಗೆಳೆದುಕೊಂಡ ಮೇಲೆ ಆ ತೂತಿನ ಬಾಯಿಗೆ ಇನ್ನೊಂದು ಹನಿ ಮುಚ್ಚಳದ ಹಾಗೆ ಹಾಕಿ. 20ರಿಂದ 30 ನಿಮಿಷ ನೀರು ಅಲುಗಬಾರದು. ನಂತರ ಉಳಿದ ಬಿಳಿ ಕೆಸರನ್ನು ಏರ್‌ಲೈನ್ ಕೊಳವೆಯಿಂದ ಸೈಫನ್ ಮಾಡಿ ಬಕೆಟ್ಟಿಗೆ ತೆಗೆದು, ಆಮೇಲೆ ಪಂಪು ಹಾಕಿ.

ಮುಟ್ಟಿದ ತಕ್ಷಣ ಅದು ಒಳಗೆ ಹೋಗಿಬಿಟ್ಟರೆ ಆ ದಿನ ಅದನ್ನು ಬಿಟ್ಟುಬಿಡಿ. ಮುಚ್ಚಿಕೊಂಡ ಪ್ರಾಣಿಯ ಮೇಲೆ ಪೇಸ್ಟ್ ಸುರಿದರೆ ಮೇಲ್ಭಾಗ ಸುಡುತ್ತದೆ, ಪಾದ ಬದುಕುತ್ತದೆ, ವಾರದಲ್ಲಿ ಒಂದರ ಜಾಗದಲ್ಲಿ ಮೂರು ಕಾಣುತ್ತವೆ. ಬಹಳ ಜನ ಸುಣ್ಣ ಕೆಲಸ ಮಾಡಲಿಲ್ಲ ಎನ್ನುವುದು ಇದೇ ಕಾರಣಕ್ಕೆ.

---

ಉಣಕಲ್_ದಂಡಿ, ಹುಬ್ಬಳ್ಳಿ

ಎಲಿ ಅಡಕಿ ಸುಣ್ಣದ ಪ್ರಶ್ನೆಗೆ ನಾ ಹೇಳ್ತೀನಿ. ರಾಸಾಯನಿಕವಾಗಿ ಅದೂ ಅರಳಿದ ಸುಣ್ಣನ ಐತಿ, ಅಂದ್ರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಆದ್ರ ಡಬ್ಬಿಯಾಗಿನ ಸುಣ್ಣಕ್ಕ ವಾಸನಿ, ಬಣ್ಣ ಸೇರಿಸಿರ್ತಾರ, ಕಲ್ಲಿನಿಂದ ಬಂದ ಬೇರೆ ಕಸಾನೂ ಇರ್ತೈತಿ. ಅದರಾಗ ನೀರು ಎಷ್ಟು, ಸುಣ್ಣ ಎಷ್ಟು ಅನ್ನೋದು ಗೊತ್ತಾಗಂಗಿಲ್ಲ, ಅದಕ್ಕ ತೂಕದ ಲೆಕ್ಕ ತಪ್ಪತೈತಿ. ಕಾಲೇಜು ಲ್ಯಾಬಿಗೆ ಕೆಮಿಕಲ್ ಮಾರೋ ಅಂಗಡಿಯಾಗ ಲ್ಯಾಬ್ ಗ್ರೇಡ್ 500 ಗ್ರಾಂ ಡಬ್ಬಿ ಸಿಗತೈತಿ, ಅದು ವರ್ಷಗಟ್ಲೆ ಸಾಕು. ಮುಚ್ಚಳ ಬಿಗಿ ಇರಲಿ. ಗಾಳಿ ತಾಗಿದ ಸುಣ್ಣ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗತೈತಿ, ಅಂದ್ರ ಬರೀ ಸುಣ್ಣದಕಲ್ಲಿನ ಪುಡಿ. ಅದು ಯಾವ ಪ್ರಾಣೀನೂ ಸುಡಂಗಿಲ್ಲ. ಅರಳಿಸದ ಸುಡುಸುಣ್ಣ ಮಾತ್ರ ಯಾವ ಕಾರಣಕ್ಕೂ ಬ್ಯಾಡ್ರಿ, ನೀರು ಬಿದ್ದ ಕೂಡಲೇ ಕೊತಕೊತ ಕುದೀತೈತಿ, ಕೈ ಕಣ್ಣು ಹೋಗ್ತಾವು.

ಈಗ ಪ್ರಮಾಣ. ಒಂದು ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ 27 ಮಿಲಿ ಈಕ್ವಿವಲೆಂಟ್ ಕ್ಷಾರ ಕೊಡತೈತಿ. ನಿಮ್ಮ 200 ಲೀಟರಿಗೆ ಅದು 0.38 ಡಿಕೆಎಚ್. 3 ಗ್ರಾಂ ಪೂರ್ತಿ ಹಾಕಿದ್ರ 1.1 ಡಿಕೆಎಚ್ ಏರತೈತಿ. ಆಲ್ಕಲಿನಿಟಿಗೆ ಅದು ತಡಕೋಬಹುದು, ಆದ್ರ ಪಿಎಚ್ ಆ ಹೊತ್ತಿನಾಗ ಜಿಗೀತೈತಿ, ಮೀನಿಗೆ ತ್ರಾಸ ಆಗೋದು ಅದರಿಂದ. ಅದಕ್ಕ ಒಂದು ಸಲಕ್ಕ 5ರಿಂದ 6 ಐಪ್ಟೇಸಿಯಾ, 3 ಗ್ರಾಂ ಮ್ಯಾಲ ಹೋಗಬಾರದು. ಮೊದಲು ಒಮ್ಮೆ, ಪಂಪು ಹಾಕಿದ ಅರ್ಧ ತಾಸಿನ ಮ್ಯಾಲೆ ಒಮ್ಮೆ ಪಿಎಚ್ ನೋಡ್ರಿ. 8.5 ದಾಟಿದ್ರ ಅವತ್ತಿಗೆ ಮುಗೀತು. ಎರಡು ದಿನ ಬಿಟ್ಟು ಮುಂದಿನ ಸುತ್ತು. 30 ಇದ್ರ ಐದಾರು ಸುತ್ತು, ಅಂದ್ರ ಎರಡೂವರಿ ವಾರ. ಒಂದ ದಿನದಾಗ ಎಲ್ಲಾ ಮುಗಸ್ತೀನಿ ಅಂದ್ರ ಸತ್ತ ಅನಿಮೋನ್ ಕೊಳತು ಅಮೋನಿಯಾನೂ ಏರತೈತಿ.

ಇನ್ನೊಂದು, ನಮ್ಮ ಊರಿಗೆ ಬೇಕಾದ ಮಾತು. ಕರೆಂಟ್ ಹೋದಾಗ ಹೆಂಗೂ ಪಂಪು ನಿಂತೈತಿ ಅಂತ ಆಗ ಪೇಸ್ಟ್ ಹಾಕಾಕ ಹೋಗಬ್ಯಾಡ್ರಿ. ಕರೆಂಟ್ ಯಾವಾಗ ಬರತೈತಿ ಅಂತ ಹೇಳಾಕ ಆಗಂಗಿಲ್ಲ. ಬಂದ ಕೂಡಲೇ ಪವರ್‌ಹೆಡ್ ಚಾಲೂ ಆಗಿ ಪೇಸ್ಟ್ ಎಲ್ಲಾ ಜೊವಾಂಥಿಡ್ ಮ್ಯಾಲೆ ಹಾರತೈತಿ. ಪ್ಲಗ್ ಕಿತ್ತಿಡ್ರಿ. ಏಪ್ರಿಲ್, ಮೇ ತಿಂಗಳಾಗ ಮಧ್ಯಾಹ್ನ ಈ ಕೆಲಸ ಬ್ಯಾಡ. ನೀರು 29 ದಾಟಿದಾಗ ಕರಗಿದ ಆಮ್ಲಜನಕ ಕಮ್ಮಿ ಇರತೈತಿ, ಅರ್ಧ ತಾಸು ಪಂಪು ಬಂದ್ ಮಾಡಿದ್ರ ಮೀನು ಮ್ಯಾಲೆ ಬಂದು ಬಾಯಿ ಬಿಡ್ತಾವು. ಮುಂಜಾನೆ ಮಾಡ್ರಿ.

---

ನೀಲಿ_ಬೆಟಗೇರಿ, ಗದಗ

ಲಿಂಬಿಹಣ್ಣಿನ ರಸ ಸೂಜಿಲೆ ಚುಚ್ಚಿದ್ರೂ ಸಾಯ್ತಾವು ಅಂತ ಕೇಳಿದ್ದೆ. ಸುಣ್ಣಕ್ಕಿಂತ ಸುಲಭ ಅಲ್ಲೇನು?

---

ವರದಾ_ದಂಡಿ, ಹಾವೇರಿ

ಸಾಯುತ್ತದೆ, ಆದರೆ ಸೂಜಿ ನೇರ ಮೈಯೊಳಗೆ ಹೋಗಿ 0.5ರಿಂದ 1 ಎಂಎಲ್ ಒಳಗೇ ಉಳಿದರೆ ಮಾತ್ರ. ರಸ ತೆಳು. ಸೂಜಿ ಸ್ವಲ್ಪ ತಪ್ಪಿದರೂ ಹೊರಗೆ ಹರಿದು ಹೋಗುತ್ತದೆ, ಪ್ರಾಣಿ ಗಾಯದಿಂದ ಬದುಕಿ ಚೂರು ಬಿಡುತ್ತದೆ. ಪೇಸ್ಟ್ ಆದರೆ ತೂಕಕ್ಕೆ ಕೆಳಗೆ ಕೂರುತ್ತದೆ, ಪ್ರಾಣಿ ತಾನೇ ನುಂಗುತ್ತದೆ. ವಿನೆಗರ್‌ಗೂ ಇದೇ ಮಾತು. ಅಲ್ಲದೆ ಈ ಎರಡೂ ಬ್ಯಾಕ್ಟೀರಿಯಾಗಳಿಗೆ ಊಟ, ಹೆಚ್ಚಾದರೆ ಮರುದಿನ ನೀರು ಹಾಲಿನಂತೆ ಮಬ್ಬಾಗುತ್ತದೆ. ಸುಣ್ಣ ಸಿಗದ ಊರಿನಲ್ಲಿ ಒಂದೆರಡಕ್ಕೆ ಪರವಾಗಿಲ್ಲ. ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಐಪ್ಟೇಸಿಯಾ-ಎಕ್ಸ್ ನಂಥವೂ ಪೇಸ್ಟ್ ತಿನ್ನಿಸುವ ವಿಧಾನದವೇ, ಪಂಪು ಬಂದ್ ಮಾಡುವ ನಿಯಮ ಅದಕ್ಕೂ ಇದೆ.

---

ನೀಲಿ_ಬೆಟಗೇರಿ, ಗದಗ

ಧನ್ಯವಾದ್ರಿ. ಕಲ್ಲಿನ ಬಗ್ಗೆ ಒಂದು ಎಚ್ಚರಿಕಿ ನನ್ನ ಕಡೆಯಿಂದ, ಇದನ್ನ ಯಾರೂ ಹಗುರ ತಗೋಬ್ಯಾಡ್ರಿ.

ಜೊವಾಂಥಿಡ್ ಅಥವಾ ಪಾಲಿಥೋವಾ ಇದ್ದ ಕಲ್ಲು ಯಾವತ್ತೂ ಕುದಿಸಬಾರದು, ಬಿಸಿನೀರೂ ಸುರೀಬಾರದು. ಅವುಗಳಾಗ ಪಾಲಿಟಾಕ್ಸಿನ್ ಅಂತ ವಿಷ ಇರಬಹುದು. ಕುದಿಸಿದಾಗ ಅದು ಉಗಿ ಜೋಡಿ ಗಾಳಿಗೆ ಬರತೈತಿ, ಅಡಗಿ ಮನ್ಯಾಗ ಇದ್ದವರೆಲ್ಲಾರಿಗೂ ಉಸಿರಾಟದ ತೊಂದರಿ, ಜ್ವರ, ಎದಿ ನೋವು ಬರಬಹುದು, ಆಸ್ಪತ್ರಿಗೆ ಸೇರಿಸೋ ಪರಿಸ್ಥಿತಿ ಆಗತೈತಿ. ಈ ರೀತಿ ಮನಿಮಂದಿ ಎಲ್ಲಾ ವಿಷ ತಗೊಂಡ ಪ್ರಕರಣ ಹೊರದೇಶದಾಗ ಒಂದಕ್ಕಿಂತ ಹೆಚ್ಚು ಸಲ ದಾಖಲಾಗ್ಯಾವು. ಕೈಯಾಗ ಗಾಯ ಇದ್ರ ಬರಿಗೈಲೆ ಕಲ್ಲು ಮುಟ್ಟೋದೂ ಬ್ಯಾಡ. ಕಲ್ಲಿನ ಮ್ಯಾಲಿನ ಜೊವಾಂಥಿಡ್ ಉಜ್ಜುವಾಗ ಕಣ್ಣಿಗೆ ಹಾರದಂಗ ಕನ್ನಡಕ ಹಾಕ್ರಿ.

ಹಂಗಾದ್ರ ಕಲ್ಲು ಏನ್ ಮಾಡೋದು? ಬರೀ ಐಪ್ಟೇಸಿಯಾ ಇದ್ದು ಹವಳ ಏನೂ ಇಲ್ಲದ ಕಲ್ಲು ಇದ್ರ ಹೊರಗ ತಗದು ಬಿಸಲಿಗೆ ಇಡ್ರಿ. ಗದಗಿನ ಏಪ್ರಿಲ್ ಬಿಸಲಿಗೆ ಎರಡು ವಾರ ಸಾಕು, ತೂತಿನ ಒಳಗಿಂದೂ ಒಣಗತೈತಿ. ಮಳಿಗಾಲದಾಗ ಮಾಡಬ್ಯಾಡ್ರಿ, ಹೊರಗ ಒಣಗಿ ಒಳಗ ಹಸಿ ಉಳೀತೈತಿ. ಬ್ಲೀಚ್ ಮಾಡೋದಾದ್ರ ಮನೀಗೆ ಬರೋ ಹೈಪೊಕ್ಲೋರೈಟ್ ದ್ರಾವಣ ಒಂದು ಪಾಲು, ನೀರು 10 ಪಾಲು, 24 ತಾಸು, ಆಮ್ಯಾಲೆ ಚಲೋ ತೊಳದು ಸೋಡಿಯಂ ಥಯೊಸಲ್ಫೇಟ್ (ಉಳಿದ ಕ್ಲೋರಿನ್ ಕಳೆಯೋ ಪುಡಿ) ಹಾಕಿದ ನೀರಿನ್ಯಾಗ ಒಂದು ದಿನ, ಮತ್ತ ಒಣಗಿಸೋದು. ಬ್ಲೀಚಿನ ಜೋಡಿ ಆಸಿಡ್ ಯಾವತ್ತೂ ಸೇರಿಸಬಾರದು, ಕ್ಲೋರಿನ್ ಅನಿಲ ಬರತೈತಿ.

ಒಣಗಿದ ಕಲ್ಲು ನೇರ ಟ್ಯಾಂಕಿಗೆ ಹಾಕಬ್ಯಾಡ್ರಿ. ಒಳಗ ಸತ್ತದ್ದೆಲ್ಲಾ ಕೊಳೀತೈತಿ. ಬೇರೆ ಡ್ರಮ್ಮಿನಾಗ ಉಪ್ಪುನೀರು, ಒಂದು ಪವರ್‌ಹೆಡ್, ಮೂರು ವಾರ, ಅಮೋನಿಯಾ ಮತ್ತ ನೈಟ್ರೈಟ್ ಶೂನ್ಯ ಬರೋತನಕ. ಒಮ್ಮಿಗೆ ಮೂರರಾಗ ಒಂದು ಪಾಲಿನಕಿಂತ ಹೆಚ್ಚು ಕಲ್ಲು ಹೊರಗ ತಗೀಬಾರದು, ನೀರು ಶುದ್ಧ ಇಡೋ ಬ್ಯಾಕ್ಟೀರಿಯಾ ಆ ಕಲ್ಲಿನಾಗ ಇರ್ತಾವು.

ಕಲ್ಲು ಕತ್ತಲಿ ಬಕೆಟ್ಟಿನಾಗ ಮುಚ್ಚಿಟ್ರ ಸಾಯ್ತಾವು ಅಂತಾರ ಕೆಲವರು, ಅದು ಆಗಂಗಿಲ್ಲ. ಬೆಳಕಿಲ್ಲದಾಗ ಒಳಗಿನ ಪಾಚಿ ಕಳಕೊಂಡು ಬೆಳ್ಳಗಾಗಿ, ಸಿಕ್ಕದ್ದು ತಿಂದು ತಿಂಗಳುಗಟ್ಲೆ ಬದುಕ್ತಾವು. ಪ್ರಯೋಗಾಲಯದಾಗ ಬೇಕಂತಲೇ ಹಂಗ ಬೆಳಸ್ತಾರ.

---

ಸಾಧನಕೇರಿ_ರೀಫ್, ಧಾರವಾಡ

ಕಲ್ಲಿನ ಮಾತು ಬಂದದ್ದಕ್ಕ ಇದನ್ನೂ ಹೇಳಿ ಬಿಡ್ತೀನಿ. ಹೊಸ ಕಲ್ಲು ಬೇಕಂತ ಕಾರವಾರ ಕಡೆ ಅಥವಾ ನೇತ್ರಾಣಿ ಸುತ್ತ ಕಡಲಿನಿಂದ ಹವಳದ ಕಲ್ಲು ತರಿಸಬ್ಯಾಡ್ರಿ. ಕಲ್ಲುಹವಳ ಎಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯೊಳಗ ಅವ, ಹಿಡಿಯೋದು ಮಾರೋದು ಅಪರಾಧ. ಸಿರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ಒಣ ಕಲ್ಲು ತಗೋರಿ. ಅದರಾಗ ಐಪ್ಟೇಸಿಯಾ ಬರೋ ದಾರಿನೇ ಇಲ್ಲ.

ಇನ್ನ ತಿನ್ನೋ ಪ್ರಾಣಿ. ಪೆಪರ್‌ಮಿಂಟ್ ಸೀಗಡಿ, ಲಿಸ್ಮಾಟಾ ಕುಲದ್ದು, ಒಂದು ಸೆಂಟಿಮೀಟರಿನಕಿಂತ ಸಣ್ಣ ಐಪ್ಟೇಸಿಯಾ ಚಲೋ ತಿಂತದ. ದೊಡ್ಡದನ್ನ ಮುಟ್ಟೂದಿಲ್ಲ, ಆದ್ದರಿಂದ ದೊಡ್ಡವಕ್ಕ ಪೇಸ್ಟ್, ಸಣ್ಣವಕ್ಕ ಸೀಗಡಿ. 200 ಲೀಟರಿಗೆ 4ರಿಂದ 5. ಎರಡು ತಾಸು ಹನಿ ಹನಿಯಾಗಿ ನೀರು ಬಿಟ್ಟು ಒಗ್ಗಿಸಿ, ರಾತ್ರಿ ದೀಪ ಆರಿದ ಮ್ಯಾಲೆ ಬಿಡ್ರಿ. ಟ್ಯಾಂಕಿನಾಗ ಹಿಂದ ತಾಮ್ರದ ಔಷಧ ಹಾಕಿದ್ರ ಸೀಗಡಿ ತರಬ್ಯಾಡ್ರಿ. ಸೀಗಡಿ ಬಂದ ಮ್ಯಾಲೆ ಮೀನಿಗೆ ಊಟ ಹೆಚ್ಚು ಹಾಕಿದ್ರ ಅವು ಉಚಿತ ಊಟ ಬಿಟ್ಟು ಐಪ್ಟೇಸಿಯಾ ಹತ್ರ ಯಾಕ ಹೋಗ್ತಾವ?

ಅಂಗಡಿಯೊಳಗ ಮೋಸ ಹೋಗೋ ಜಾಗ ಇದು: ಕ್ಯಾಮೆಲ್ ಸೀಗಡಿನ್ನ ಪೆಪರ್‌ಮಿಂಟ್ ಅಂತ ಕೊಡ್ತಾರ. ಕ್ಯಾಮೆಲ್‌ನ ಬೆನ್ನು ಗೂನು, ಕಣ್ಣು ದೊಡ್ಡದು, ಕೆಂಪಿನ ಮ್ಯಾಲೆ ದಪ್ಪ ಬಿಳಿ ಪಟ್ಟಿ. ಪೆಪರ್‌ಮಿಂಟ್ ತೆಳು ಗುಲಾಬಿ, ಅರ್ಧ ಪಾರದರ್ಶಕ, ಉದ್ದಕ್ಕ ಸಣ್ಣ ಕೆಂಪು ಗೆರಿ. ಕ್ಯಾಮೆಲ್ ಐಪ್ಟೇಸಿಯಾ ತಿನ್ನೂದಿಲ್ಲ, ನಿಮ್ಮ ಜೊವಾಂಥಿಡ್ ಮತ್ತ ಮಶ್ರೂಮ್ ಕಚ್ಚಿ ಹಾಕ್ತದ.

ಬೆರ್ಗಿಯಾ ಅನ್ನೋ ಚಿಪ್ಪಿಲ್ಲದ ಕಡಲ ಬಸವನಹುಳ ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನೂದಿಲ್ಲ, ಅದಕ್ಕಿಂತ ಚಲೋ ಪ್ರಾಣಿ ಇಲ್ಲ. ಆದ್ರ ನಿಮ್ಮ ಸಿಕ್ಸ್‌ಲೈನ್ ರಾಸ್ ಅದನ್ನ ಒಂದ ರಾತ್ರಿಗೆ ಮುಗಸ್ತದ. ಪೆಪರ್‌ಮಿಂಟ್ ಸೀಗಡಿನೂ ಅದನ್ನ ತಿಂತದ. ಹಂಗಾಗಿ ನಿಮಗ ಅದು ಆಗೂದಿಲ್ಲ. ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನು ನಿಮ್ಮ 3 ಫೂಟಿನ ಟ್ಯಾಂಕಿಗೆ ದೊಡ್ಡದು, ಅದಕ್ಕ 400 ಲೀಟರಿನ ಮ್ಯಾಲೆ ಬೇಕು, ಊಟ ಕಲಿಸೋದೂ ಕಷ್ಟ. ಫೈಲ್‌ಫಿಶ್, ಅಕ್ರೈಕ್ಥಿಸ್ ಟೊಮೆಂಟೊಸಸ್, ಚಲೋ ತಿಂತದ. ಜೊವಾಂಥಿಡ್‌ನೂ ಕಚ್ಚಬಹುದು, ಅದಕ್ಕ ನಾ ನಿಮಗ ಅದನ್ನೂ ಹೇಳೂದಿಲ್ಲ.

---

ಉಣಕಲ್_ದಂಡಿ, ಹುಬ್ಬಳ್ಳಿ

ನೈಟ್ರೇಟ್ 25, ಫಾಸ್ಫೇಟ್ 0.2 ಇರೋತನಕ ಇವು ಕುಣೀತಾವು. ನೈಟ್ರೇಟ್ 5ರ ಆಸುಪಾಸು, ಫಾಸ್ಫೇಟ್ 0.05ರ ಆಸುಪಾಸು ತರ್ರಿ. ಪೂರ್ತಿ ಸೊನ್ನಿಗೆ ತಂದ್ರ ಮಶ್ರೂಮ್ ಸಣ್ಣಗಾಗ್ತಾವು. ಹೆಪ್ಪುಗಟ್ಟಿದ ಆಹಾರ ಜರಡಿಯಾಗ ತೊಳದು ಹಾಕ್ರಿ, ರಸ ಬ್ಯಾಡ. ವಾರಕ್ಕ 15 ಪ್ರತಿಶತ ನೀರು ಬದಲು, ಅಂದ್ರ 30 ಲೀಟರ್, ಉಪ್ಪು ಸುಮಾರು 1.1 ಕಿಲೋ. ಅಡಗಿ ಮನಿ ಆರ್‌ಓ ನೀರು ಹಾಕಾಕತ್ತಿದ್ರ ಟಿಡಿಎಸ್ (ನೀರಿನ್ಯಾಗ ಕರಗಿದ ಉಪ್ಪಿನ ಅಳತಿ) ನೋಡ್ರಿ. ಬಹಳ ಯಂತ್ರದಾಗ ಮಿನರಲ್ ಕಾರ್ಟ್ರಿಜ್ ಇರತೈತಿ, ರುಚಿಗೆ ಉಪ್ಪು ವಾಪಸ್ ಸೇರಸತೈತಿ, ಟಿಡಿಎಸ್ 40, 60 ಬರತೈತಿ. ಆ ಕಾರ್ಟ್ರಿಜ್ ತಗದು ಡಿಐ ರೆಸಿನ್ (ಉಳಿದ ಉಪ್ಪು ಹೀರೋ ಕಾಳು) ಹಾಕಿದ್ರ 0 ಬರತೈತಿ. ಬೋರ್ ನೀರು ಆದ್ರ ರೆಸಿನ್ ಲಗೂನ ಮುಗೀತೈತಿ, ಮೊದಲ ಮೆಂಬ್ರೇನ್ ಚಲೋ ಐತಿಲ್ಲೋ ನೋಡ್ರಿ.

ಇದು ಬೆಳವಣಿಗಿ ನಿಧಾನ ಮಾಡತೈತಿ ಅಷ್ಟ. ಒಳಗಿನ ಪಾಚಿ ಬೆಳಕಿನಿಂದ ಊಟ ಮಾಡಿ ಕೊಡತೈತಿ, ಉಪವಾಸ ಕೆಡವಿ ಕೊಲ್ಲಾಕ ಆಗಂಗಿಲ್ಲ.

---

ನವನಗರ_ಉಪ್ಪುನೀರು, ಹುಬ್ಬಳ್ಳಿ

ಎಲ್ಲಾರಿಗೂ ಭಾಳ ಧನ್ಯವಾದ್ರಿ. ಹಂಗಾರ ಕ್ರಮ ಹಿಂಗ: ಮೊದಲ ದೊಡ್ಡ 12ಕ್ಕ ಪೇಸ್ಟ್, ಎರಡು ಸುತ್ತಿನಾಗ. ಬಲಗಡೆ ತುದಿಯ ಹವಳ ಇಲ್ಲದ ಒಂದು ಕಲ್ಲು ಬಿಸಲಿಗೆ. ಉಳಿದ ಸಣ್ಣವಕ್ಕ ಪೆಪರ್‌ಮಿಂಟ್ 5. ಜೊವಾಂಥಿಡ್ ನಡುವ ಎದ್ದ ನಾಲ್ಕಕ್ಕ ಏನ್ ಮಾಡ್ಲಿ? ಪೇಸ್ಟ್ ಹಾಕಿದ್ರ ಪಕ್ಕದವೂ ಸುಡ್ತಾವಲ್ಲ?

---

ವರದಾ_ದಂಡಿ, ಹಾವೇರಿ

ಅಲ್ಲಿ ಪೇಸ್ಟ್ ಬೇಡ. ಆ ಕಲ್ಲು ಹೊರಗೆತ್ತಲು ಬರುವಂತಿದ್ದರೆ, ಟ್ಯಾಂಕಿನ ನೀರು ತುಂಬಿದ ಅಗಲ ಪಾತ್ರೆಯಲ್ಲಿಟ್ಟು ಐಪ್ಟೇಸಿಯಾ ಇರುವ ಬದಿ ನೀರಿನ ಮೇಲೆ ಬರುವಂತೆ ವಾಲಿಸಿ. ಗಾಳಿಗೆ ಬಂದ ಐಪ್ಟೇಸಿಯಾ ಸುಕ್ಕಿ ಗುಂಡಗೆ ಕೂರುತ್ತದೆ. ಬಟ್ಟೆಯಿಂದ ಒತ್ತಿ ಒಣಗಿಸಿ ಮೇಲೆ ಸೂಪರ್‌ಗ್ಲೂ ಜೆಲ್, ಅದರ ಮೇಲೆ ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ ಸಣ್ಣ ಬಟಾಣಿಯಷ್ಟು ಒತ್ತಿ. ಸುತ್ತ ಅರ್ಧ ಸೆಂಟಿಮೀಟರ್ ಪೂರ್ತಿ ಮುಚ್ಚಬೇಕು. ಅಂಚಿನಲ್ಲಿ ಕೂದಲಿನಷ್ಟು ಬಿರುಕು ಇದ್ದರೆ ಅಲ್ಲಿಂದಲೇ ಹೊರಗೆ ಸರಿದು ಬರುತ್ತದೆ. ಕಲ್ಲು ಒಳಗೆ ಪೊಳ್ಳಾಗಿದ್ದರೆ ಇನ್ನೊಂದು ಬದಿಯ ತೂತಿನಿಂದ ತಲೆ ಹಾಕುವುದೂ ಉಂಟು, ಆಗ ಅಲ್ಲಿ ಪೇಸ್ಟ್ ಹಾಕಲು ಜಾಗ ಸಿಗುತ್ತದೆ. ಪುಟ್ಟಿ ಹಾಕಿದ ಸಂಜೆ ಸ್ಕಿಮ್ಮರ್ ನೊರೆ ಉಕ್ಕಿ ಕಪ್ ತುಂಬುತ್ತದೆ, ಕಪ್ ಮೇಲೆತ್ತಿ ಇಟ್ಟುಬಿಡಿ.

---

ಸಾಧನಕೇರಿ_ರೀಫ್, ಧಾರವಾಡ

ಇನ್ನೊಂದು ಜಾಗ ಮರೀಬ್ಯಾಡ್ರಿ. ಟ್ಯಾಂಕು ಸ್ವಚ್ಛ ಆದ ಮ್ಯಾಲೆ ಓವರ್‌ಫ್ಲೋ ಡಬ್ಬಿ, ರಿಟರ್ನ್ ಪಂಪಿನ ಮೈ, ಪವರ್‌ಹೆಡ್ಡಿನ ಹಿಂಬದಿ, ಸಂಪಿನ ಗೋಡಿ ಬ್ಯಾಟರಿ ಹಿಡಿದು ನೋಡ್ರಿ. ಅಲ್ಲಿ ಬೆಳಕು ಕಮ್ಮಿ ಇರೋದರಿಂದ ಬೆಳ್ಳಗ, ಗಾಜಿನಂಗ ಇರ್ತಾವ, ಹಗಲಿನ್ಯಾಗ ಕಣ್ಣಿಗೆ ಬೀಳೂದಿಲ್ಲ. ಪಂಪು ಬಿಚ್ಚಿ ವಿನೆಗರ್ ಮತ್ತ ನೀರು ಸಮ ಪಾಲು ಮಾಡಿ ಒಂದು ತಾಸು ನೆನಸಿಡ್ರಿ. ಗಾಜಿನ ಗೋಡಿ ಮ್ಯಾಲಿದ್ರ ಮಾತ್ರ ಬ್ಲೇಡು ನಡೀತದ. ಸೈಫನ್ ಕೊಳವಿ ಬಾಯಿ ಅದರ ಬುಡಕ್ಕ ಹಿಡಕೊಂಡ ಕೆರೀರಿ, ಬಿದ್ದ ಚೂರು ನೇರ ಬಕೆಟ್ಟಿಗೆ ಹೋಗಬೇಕು. ಆ ನೀರು ಸಂಪಿಗೆ ವಾಪಸ್ ಹಾಕಬ್ಯಾಡ್ರಿ.

---

ನವನಗರ_ಉಪ್ಪುನೀರು, ಹುಬ್ಬಳ್ಳಿ

ಸಂಪಿನ ಗೋಡಿ ಮ್ಯಾಲೆ 7 ಸಿಕ್ಕಾವ್ರಿ, ಎಲ್ಲಾ ಬೆಳ್ಳಗನ. ಸೈಫನ್ ಹಿಡದು ಬ್ಲೇಡಿನಿಂದ ತಗದೆ. ನಾಳೆ ಮುಂಜಾನೆ ಮೊದಲನೇ ಸುತ್ತಿನ ಪೇಸ್ಟ್, 6 ಐಪ್ಟೇಸಿಯಾಕ್ಕ. ಪಿಎಚ್ ಅಂಕಿ ಇಲ್ಲೇ ಹಾಕ್ತೀನಿ.